ಹರಳಿನೊಳಗಿನ ಕಿಣ್ವ: ಕ್ಷಯಾಣುವಿನ ರೆಕ್‌ಎ ರಚನೆ ಮತ್ತು ಅದರ ಸುತ್ತಣ ವಾದಗಳು

ಕ್ಷಯರೋಗವನ್ನು ತರುವ ಮೈಕೋಬ್ಯಾಕ್ಟೀರಿಯಂ ಟ್ಯುಬರ್ಕ್ಯುಲೋಸಿಸ್ ಎಂಬ ಬ್ಯಾಕ್ಟೀರಿಯಾ ಮನುಷ್ಯನ ಶ್ವಾಸಕೋಶವನ್ನು ಹೊಕ್ಕು ಅಲ್ಲಿನ ರಕ್ಷಕ ಕೋಶಗಳ ಒಳಗೇ ನೆಲೆಯೂರುತ್ತದೆ. ಆ ಕೋಶಗಳು ಅದನ್ನು ಕೊಲ್ಲಲು ಆಮ್ಲಜನಕ ಮತ್ತು ಸಾರಜನಕದ ಉಗ್ರ ಸಂಯುಕ್ತಗಳನ್ನು ಅದರ ಮೇಲೆ ಬಿಡುತ್ತವೆ. ಅದರಿಂದ ಬ್ಯಾಕ್ಟೀರಿಯಾದ ಡಿಎನ್‌ಎ ಎಳೆಗಳು ಅಲ್ಲಲ್ಲಿ ಘಾಸಿಗೊಂಡು ತುಂಡಾಗುತ್ತವೆ. ತುಂಡಾದ ಎಳೆಯನ್ನು, ಅದಕ್ಕೆ ಸರಿಸಮನಾದ ಇನ್ನೊಂದು ಎಳೆಯನ್ನು ಹುಡುಕಿ, ಅದರ ಅಚ್ಚಿನ ಮೇಲೆ ಮತ್ತೆ ಕೂಡಿಸುವ ಕೆಲಸದ ನಡುವೆ ನಿಲ್ಲುವ ಅಣುವೇ ರೆಕ್‌ಎ. ಇದು ಡಿಎನ್‌ಎಗೆ ಅಂಟಿಕೊಂಡಾಗ ಎಟಿಪಿ ಎಂಬ ಶಕ್ತಿವಾಹಕ ಅಣುವನ್ನು ನೀರಿನ ನೆರವಿನಿಂದ ಒಡೆಯುತ್ತದೆಯಾದ್ದರಿಂದ ಇದನ್ನು ಕಿಣ್ವಗಳ ಸಾಲಿಗೆ ಸೇರಿಸುವುದು ವಾಡಿಕೆ. ಈ ಕಿಣ್ವದ ಹರಳಿನ ರಚನೆಯನ್ನು, ಎಂದರೆ ಅದರ ಒಂದೊಂದು ಪರಮಾಣುವೂ ಎಲ್ಲಿ ಕುಳಿತಿದೆ ಎಂಬುದರ ನಕ್ಷೆಯನ್ನು, 2000ನೇ ಇಸವಿಯಲ್ಲಿ ಪ್ರಕಟಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಮತ್ತು ಕೆ. ಮುನಿಯಪ್ಪ ಅವರ ಬಳಗ.

ನಕ್ಷೆ ದೊರೆತ ಮೇಲೆ ಪ್ರಶ್ನೆಗಳು ಮುಗಿಯಬೇಕಿತ್ತು ಎಂದು ಹೊರಗಿನವರಿಗೆ ತೋರಬಹುದು. ಆದರೆ ಒಳಗಿನವರ ನಡುವೆ ನಿಜವಾದ ವಾದ ಹುಟ್ಟಿಕೊಂಡದ್ದೇ ನಕ್ಷೆಗಳು ಕೈಗೆ ಬಂದ ನಂತರ. ಹರಳಿನಲ್ಲಿ ಕಾಣುವ ಆಕಾರವು ಜೀವಕೋಶದಲ್ಲಿ ಕೆಲಸ ಮಾಡುತ್ತಿರುವ ಕಿಣ್ವದ ಆಕಾರವೇ, ಅಲ್ಲವಾದರೆ ಅದರಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದೇ ಆ ವಾದದ ತಿರುಳು.

ಪೇಟೆ, ಸೋಂಕು ಮತ್ತು ಸಂಸ್ಥೆ

ಬೆಂಗಳೂರಿನ ಹಳೆಯ ಪೇಟೆಗಳಿಗೂ ಬ್ಯಾಕ್ಟೀರಿಯಾಗಳಿಗೂ ಇರುವ ನಂಟು ನೋವಿನದು. 1898ರಲ್ಲಿ ಪ್ಲೇಗು ನಗರವನ್ನು ಹೊಕ್ಕಾಗ, ಒಂದಕ್ಕೊಂದು ಒತ್ತಿಕೊಂಡ ಮನೆಗಳೂ ಧಾನ್ಯದ ಮಂಡಿಗಳೂ ಇಲಿಗಳೂ ಒಟ್ಟಿಗಿದ್ದ ಪೇಟೆಯ ಬೀದಿಗಳು ಅದಕ್ಕೆ ಸುಲಭವಾಗಿ ತುತ್ತಾದವು. ಊರನ್ನು ಬಯಲಿಗೆ ಹರಡಬೇಕೆಂಬ ಯೋಚನೆಗೆ ಆಗ ಬಲ ಬಂದು, ಬಸವನಗುಡಿ ಮತ್ತು ಮಲ್ಲೇಶ್ವರದ ಅಗಲವಾದ ರಸ್ತೆಗಳ ಬಡಾವಣೆಗಳು ತುಂಬಿಕೊಂಡವು. ಅಂಥ ಪೇಟೆಗಳಲ್ಲೊಂದಾದ ತರಗುಪೇಟೆಗೆ ಕೂಗಳತೆಯಲ್ಲಿರುವ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆಯಿತು. ಮಲ್ಲೇಶ್ವರದ ಆಚೆಗೆ, ಊರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ವಿಜ್ಞಾನ ಸಂಸ್ಥೆ 1909ರಲ್ಲಿ ನೆಲೆಗೊಂಡಿತು. ಪ್ಲೇಗು ಹಿಂದೆ ಸರಿದರೂ ಕ್ಷಯ ಉಳಿಯಿತು. 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೇ ನಗರದಲ್ಲಿ ಆರಂಭವಾಯಿತು. ಅದರ ಸಂಶೋಧಕರು ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನವು, ಅಲ್ಲಿನ ಕ್ಷಯರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗಳ ಬಾಗಿಲು ತಟ್ಟಿದ್ದರೂ ಅವರ ರೋಗ ಗುರುತಾಗದೆ ಹೋಗಿತ್ತೆಂಬುದನ್ನು ತೋರಿಸಿ, ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮದ ದಿಕ್ಕನ್ನೇ ನಿರ್ಧರಿಸಿತು. ರೆಕ್‌ಎಯಂಥ ಅಣುವಿನ ಆಕಾರವನ್ನು ಇಲ್ಲಿಯೇ ಬಿಡಿಸಿದ್ದಕ್ಕೆ ಈ ಹಿನ್ನೆಲೆಯನ್ನು ನೇರ ಕಾರಣವೆಂದು ಹೇಳಲಾಗದಿದ್ದರೂ, ಆ ಕೆಲಸ ಯಾರಿಗಾಗಿ ಎಂಬ ಪ್ರಶ್ನೆಗೆ ಉತ್ತರ ಈ ಬೀದಿಗಳಲ್ಲಿಯೇ ಇದೆ.

ಹರಳುವಿಜ್ಞಾನದ ಪರಂಪರೆ ಮಾತ್ರ ವಿಜ್ಞಾನ ಸಂಸ್ಥೆಯಲ್ಲಿ ಆಳವಾಗಿ ಬೇರೂರಿತ್ತು. ಜಿ.ಎನ್. ರಾಮಚಂದ್ರನ್ ಅವರು 1970ರ ದಶಕದ ಆರಂಭದಲ್ಲಿ ಅಲ್ಲಿ ಅಣು ಜೀವಭೌತವಿಜ್ಞಾನ ಘಟಕವನ್ನು ಕಟ್ಟಿದರು. ಆಕ್ಸ್‌ಫರ್ಡಿನಲ್ಲಿ ಡೊರೊಥಿ ಹಾಡ್ಜ್‌ಕಿನ್ ಅವರ ಬಳಗದಲ್ಲಿದ್ದು, 1969ರಲ್ಲಿ ಪ್ರಕಟವಾದ ಇನ್ಸುಲಿನ್ ರಚನೆಯಲ್ಲಿ ಪಾಲುಗೊಂಡಿದ್ದ ವಿಜಯನ್, 1971ರಲ್ಲಿ ಬೆಂಗಳೂರಿಗೆ ಮರಳಿದರು. ಪ್ರೋಟೀನಿನ ಹರಳುಗಳಿಗೆ ಬೇಕಾದ ಉಪಕರಣಗಳು ದೇಶದಲ್ಲಿ ಒದಗಲು ಮತ್ತೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. 1994ರಲ್ಲಿ ಅವರ ಬಳಗ ಬಿಡಿಸಿದ ಕಡಲೆಕಾಯಿಯ ಲೆಕ್ಟಿನ್ ಎಂಬ ಪ್ರೋಟೀನಿನ ರಚನೆ ಭಾರತದಲ್ಲಿ ಮೊದಲಿನಿಂದ ಕೊನೆಯವರೆಗೆ ನಡೆದ ಇಂಥ ಕೆಲಸಗಳಲ್ಲಿ ಮೊದಮೊದಲಿನದು. 1998ರಲ್ಲಿ ಕ್ಷಯಾಣುವಿನ ಸುಮಾರು 44 ಲಕ್ಷ ಬೇಸ್ ಜೋಡಿಗಳ ಸಂಪೂರ್ಣ ಜೀನೋಮ್ ಪ್ರಕಟವಾದಾಗ, ಅದರ ಸುಮಾರು 4,000 ಜೀನ್‌ಗಳಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂಬ ಪ್ರಶ್ನೆ ಜಗತ್ತಿನೆಲ್ಲೆಡೆ ಎದ್ದಿತು. ಮುನಿಯಪ್ಪನವರ ಪ್ರಯೋಗಾಲಯದಲ್ಲಿ ರೆಕ್‌ಎಯ ಜೀವರಾಸಾಯನಿಕ ಅಧ್ಯಯನ ಆಗಲೇ ನಡೆಯುತ್ತಿದ್ದುದರಿಂದ ಬೆಂಗಳೂರಿನ ಆಯ್ಕೆ ಸಹಜವಾಗಿಯೇ ಆಯಿತು.

ರೆಕ್‌ಎಯ ಪೂರ್ವಕಥೆ

1965ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಜಾನ್ ಕ್ಲಾರ್ಕ್ ಮತ್ತು ಆನ್ ಡೀ ಮಾರ್ಗುಲಿಸ್ ಅವರು, ಕರುಳಿನಲ್ಲಿ ವಾಸಿಸುವ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ, ಡಿಎನ್‌ಎ ಎಳೆಗಳ ಮರುಜೋಡಣೆಯನ್ನು ಮಾಡಲಾಗದ ರೂಪಾಂತರಗಳನ್ನು ಗುರುತಿಸಿದಾಗ ಈ ಜೀನ್ ಮೊದಲು ಬೆಳಕಿಗೆ ಬಂತು. ಅಂಥ ರೂಪಾಂತರಗಳು ಅತಿನೇರಳೆ ಕಿರಣಕ್ಕೆ ಬೇಗ ಬಲಿಯಾಗುತ್ತಿದ್ದವು. ಡಿಎನ್‌ಎ ಹಾಳಾದಾಗ ಬ್ಯಾಕ್ಟೀರಿಯಾ ಹಲವು ರಿಪೇರಿ ಜೀನ್‌ಗಳನ್ನು ಒಮ್ಮೆಲೇ ಎಚ್ಚರಿಸುತ್ತದೆ ಎಂಬ ಕಲ್ಪನೆಯನ್ನು ಎವೆಲಿನ್ ವಿಟ್ಕಿನ್ ಮತ್ತು ಮಿರೊಸ್ಲಾವ್ ರಾಡ್ಮನ್ ಬೆಳೆಸಿದರು. ಹಡಗಿನ ಅಪಾಯಸೂಚನೆಯ ಹೆಸರಿನಿಂದ ಅದು ಎಸ್‌ಒಎಸ್ ಪ್ರತಿಕ್ರಿಯೆ ಎನಿಸಿತು. ಆ ಜೀನ್‌ಗಳನ್ನು ಅದುಮಿಟ್ಟಿರುವ ಲೆಕ್ಸ್‌ಎ ಎಂಬ ಪ್ರೋಟೀನನ್ನು ರೆಕ್‌ಎ ಕತ್ತರಿಸುತ್ತದೆ ಎಂದು ಕೆಲಕಾಲ ನಂಬಲಾಗಿತ್ತು. 1984ರಲ್ಲಿ ಜಾನ್ ಲಿಟಲ್ ಅವರು ಲೆಕ್ಸ್‌ಎ ತನ್ನನ್ನು ತಾನೇ ಕತ್ತರಿಸಿಕೊಳ್ಳಬಲ್ಲದೆಂದು ತೋರಿಸಿದ ಮೇಲೆ, ರೆಕ್‌ಎ ಕತ್ತರಿಯಲ್ಲ, ಕತ್ತರಿಸಿಕೊಳ್ಳುವ ಭಂಗಿಗೆ ಲೆಕ್ಸ್‌ಎಯನ್ನು ತರುವ ಸಹಾಯಕ ಮಾತ್ರ ಎಂಬುದು ಸ್ಥಿರಪಟ್ಟಿತು. ಒಂದು ಕಿಣ್ವಕ್ಕೆ ಯಾವ ಕೆಲಸವನ್ನು ಆರೋಪಿಸಬೇಕು ಎಂಬುದು ಈ ಅಣುವಿನ ವಿಷಯದಲ್ಲಿ ಮೊದಲಿನಿಂದಲೂ ತಕರಾರಿಗೆ ಒಳಗಾಗಿದೆ.

ಇ. ಕೋಲೈಯ ರೆಕ್‌ಎಯಲ್ಲಿ 352 ಅಮೈನೊ ಆಮ್ಲಗಳಿವೆ. ಬಿಡಿ ಅಣುವಾಗಿ ಅದು ಹೆಚ್ಚೇನೂ ಮಾಡಲಾರದು. ಒಂದೆಳೆಯ ಡಿಎನ್‌ಎಯ ಮೇಲೆ ಅಣುಗಳು ಒಂದರ ಪಕ್ಕ ಒಂದು ಕೂತು ಸುರುಳಿಯಾಕಾರದ ತಂತುವಾದಾಗಲಷ್ಟೇ ಅದು ಚುರುಕಾಗುತ್ತದೆ. ಒಂದು ಅಣು ಡಿಎನ್‌ಎಯ ಮೂರು ಅಕ್ಷರಗಳನ್ನು ಹಿಡಿಯುತ್ತದೆ, ಸುರುಳಿಯ ಒಂದು ಸುತ್ತಿಗೆ ಆರಕ್ಕಿಂತ ತುಸು ಹೆಚ್ಚು ಅಣುಗಳು ಬೇಕಾಗುತ್ತವೆ, ಒಳಗಿನ ಡಿಎನ್‌ಎ ತನ್ನ ಸಹಜ ಉದ್ದದ ಒಂದೂವರೆ ಪಟ್ಟು ಹಿಗ್ಗುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಈ ತಂತುವಿನ ಎರಡು ಬಗೆಗಳು ಕಂಡವು: ಎಟಿಪಿ ಮತ್ತು ಡಿಎನ್‌ಎ ಎರಡೂ ಇದ್ದಾಗ ಸುತ್ತಿನ ಎತ್ತರ ಸುಮಾರು 95 ಆಂಗ್‌ಸ್ಟ್ರಾಂಗೆ ಹಿಗ್ಗಿದ ಸಕ್ರಿಯ ತಂತು, ಅವಿಲ್ಲದಾಗ ಕುಗ್ಗಿದ ನಿಷ್ಕ್ರಿಯ ತಂತು. ಒಂದು ಆಂಗ್‌ಸ್ಟ್ರಾಂ ಎಂದರೆ ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು.

1992ರಲ್ಲಿ ಯೇಲ್ ವಿಶ್ವವಿದ್ಯಾಲಯದ ರಾಂಡಲ್ ಸ್ಟೋರಿ, ಐರಿನ್ ವೆಬರ್ ಮತ್ತು ಥಾಮಸ್ ಸ್ಟೈಟ್ಜ್ ಅವರು 2.3 ಆಂಗ್‌ಸ್ಟ್ರಾಂ ಸ್ಪಷ್ಟತೆಯಲ್ಲಿ ಇ. ಕೋಲೈ ರೆಕ್‌ಎಯ ಹರಳಿನ ರಚನೆಯನ್ನು ಪ್ರಕಟಿಸಿದರು. ಹರಳಿನಲ್ಲಿಯೂ ಅಣುಗಳು ಸುರುಳಿಯಾಗಿಯೇ ಜೋಡಿಸಿಕೊಂಡಿದ್ದವು ಎಂಬುದು ಎಲ್ಲರಿಗೂ ಸಂತೋಷ ಕೊಟ್ಟ ಸಂಗತಿ. ಆದರೆ ಆ ಹರಳಿನಲ್ಲಿ ಡಿಎನ್‌ಎ ಇರಲಿಲ್ಲ, ಸುತ್ತಿನ ಎತ್ತರ ಸುಮಾರು 83 ಆಂಗ್‌ಸ್ಟ್ರಾಂ ಮಾತ್ರ, ಮತ್ತು ಡಿಎನ್‌ಎಯನ್ನು ಹಿಡಿಯಬೇಕಾದ ಎಲ್1, ಎಲ್2 ಎಂಬ ಎರಡು ಕುಣಿಕೆಗಳು ನಕ್ಷೆಯಲ್ಲಿ ಮೂಡಿರಲೇ ಇಲ್ಲ. ಕಿಣ್ವದ ಅತಿ ಮುಖ್ಯ ಭಾಗವೇ ಕಾಣದ ಈ ನಕ್ಷೆಯಿಂದಲೇ ಮುಂದಿನ ಚರ್ಚೆ ಆರಂಭವಾಗುತ್ತದೆ.

ಹರಳಿನಿಂದ ಆಕಾರಕ್ಕೆ

ಶುದ್ಧಗೊಳಿಸಿದ ಪ್ರೋಟೀನಿನ ದ್ರಾವಣದಿಂದ ನೀರಿನ ಅಂಶ ನಿಧಾನವಾಗಿ ಕಡಿಮೆಯಾಗುತ್ತ ಹೋದಾಗ, ಅಣುಗಳು ಅನುಕೂಲ ಒದಗಿದರೆ ಸಾಲುಸಾಲಾಗಿ ಕೂತು ಹರಳಾಗುತ್ತವೆ. ಮಿಲಿಮೀಟರಿಗಿಂತ ಚಿಕ್ಕದಾದ ಈ ಹರಳಿನ ಮೇಲೆ ಎಕ್ಸ್-ಕಿರಣ ಬಿಟ್ಟರೆ ಅದು ಸಾವಿರಾರು ಚುಕ್ಕೆಗಳಾಗಿ ಚದುರುತ್ತದೆ. ತಾಮ್ರದ ಗುರಿಫಲಕದಿಂದ ಹೊಮ್ಮುವ 1.54 ಆಂಗ್‌ಸ್ಟ್ರಾಂ ತರಂಗದೂರದ ಕಿರಣವೇ ಪ್ರಯೋಗಾಲಯಗಳಲ್ಲಿ ರೂಢಿಯಲ್ಲಿರುವುದು. ಚುಕ್ಕೆಗಳ ತೀವ್ರತೆಯನ್ನು ಅಳೆಯಬಹುದು, ಆದರೆ ಅಲೆಗಳು ಯಾವ ಹಂತದಲ್ಲಿ ಬಂದು ಸೇರಿದವು ಎಂಬ ಮಾಹಿತಿ ಅಳತೆಯಲ್ಲಿ ಕಳೆದುಹೋಗುತ್ತದೆ. ಹತ್ತಿರದ ಸಂಬಂಧಿ ಪ್ರೋಟೀನಿನ ರಚನೆ ಮೊದಲೇ ತಿಳಿದಿದ್ದರೆ ಅದನ್ನು ಮಾದರಿಯಾಗಿಟ್ಟು ಆ ಕೊರತೆಯನ್ನು ತುಂಬಿಕೊಳ್ಳಬಹುದು. ಹಾಗೆ ಮಾಡುವಾಗ ಮಾದರಿಯ ಆಕಾರವೇ ಹೊಸ ನಕ್ಷೆಯ ಮೇಲೆ ನೆರಳು ಚೆಲ್ಲದಂತೆ ಎಚ್ಚರವಹಿಸಬೇಕು.

ಪ್ರೋಟೀನಿನ ಹರಳು ಉಪ್ಪಿನ ಹರಳಿನಂತೆ ಗಟ್ಟಿಯಲ್ಲ. ಅದರ ಗಾತ್ರದ ಅರ್ಧದಷ್ಟು ಸಾಮಾನ್ಯವಾಗಿ ನೀರೇ ಇರುತ್ತದೆ, ಆ ನೀರು ಅಣುಗಳ ನಡುವಣ ಓಣಿಗಳಲ್ಲಿ ತುಂಬಿಕೊಂಡಿರುತ್ತದೆ. ಈ ಗುಣವನ್ನೇ ವಿಜಯನ್ ಬಳಗ 1980ರ ದಶಕದಲ್ಲಿ ಒಂದು ವಿಧಾನವನ್ನಾಗಿ ಬೆಳೆಸಿತು. ಹರಳನ್ನು ಕೂದಲಿನಂಥ ತೆಳು ಗಾಜಿನ ನಳಿಕೆಯೊಳಗಿಟ್ಟು, ಅದಕ್ಕೆ ತುಸು ದೂರದಲ್ಲಿ ಒಂದು ಲವಣದ ಪರ್ಯಾಪ್ತ ದ್ರಾವಣದ ಹನಿಯನ್ನು ಸೇರಿಸಿ, ನಳಿಕೆಯ ಎರಡೂ ತುದಿಗಳನ್ನು ಮುಚ್ಚಿದರೆ, ಆ ಲವಣ ಯಾವುದೆಂಬುದರ ಮೇಲೆ ಒಳಗಿನ ಗಾಳಿಯ ತೇವ ನಿರ್ಧಾರವಾಗುತ್ತದೆ. ತೇವ ಇಳಿದಂತೆ ಹರಳು ಸ್ವಲ್ಪ ನೀರನ್ನು ಬಿಟ್ಟುಕೊಡುತ್ತದೆ, ಒಂದು ಹಂತದಲ್ಲಿ ಒಡೆಯದೆಯೇ ಇನ್ನೊಂದು ಹರಳುರೂಪಕ್ಕೆ ತಿರುಗುತ್ತದೆ. ಕೋಳಿಮೊಟ್ಟೆಯ ಲೈಸೊಜೈಮ್ ಎಂಬ ಕಿಣ್ವದಲ್ಲಿ ಗಾಳಿಯ ತೇವ ಶೇಕಡಾ 90ರ ಆಸುಪಾಸಿಗೆ ಇಳಿದಾಗ ಇಂಥ ಮಾರ್ಪಾಡು ಕಂಡಿತು. ಈ ಪ್ರಯೋಗಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಬೇಕಾದದ್ದು ತಾಳ್ಮೆ, ಮತ್ತು ಹರಳನ್ನು ಕೆಣಕಿ ನೋಡಬೇಕೆಂಬ ಬುದ್ಧಿ.

ಬೆಂಗಳೂರಿನ ರಚನೆಗಳು ಹೇಳಿದ್ದು

ಕ್ಷಯಾಣುವಿನ ರೆಕ್‌ಎ ತಯಾರಾಗುವ ರೀತಿಯೇ ವಿಚಿತ್ರ. ಅದರ ಜೀನ್ ಮೊದಲು 790 ಅಮೈನೊ ಆಮ್ಲಗಳ ಉದ್ದನೆಯ ಸರಪಣಿಯನ್ನು ಕಟ್ಟುತ್ತದೆ. ನಡುವಿನ 440ರ ತುಂಡು ತಾನಾಗಿಯೇ ಕತ್ತರಿಸಿಕೊಂಡು ಹೊರಬಿದ್ದು, ಎರಡು ಬದಿಗಳೂ ಬೆಸೆದುಕೊಂಡು ಕೆಲಸದ ಅಣುವಾಗುತ್ತವೆ. ಹೀಗೆ ಹೊರಬೀಳುವ ತುಂಡಿಗೆ ಇಂಟೀನ್ ಎಂದು ಹೆಸರು. ಅದೇ ಕುಲದ, ರೋಗ ತಾರದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮ್ಯಾಟಿಸ್‌ನ ರೆಕ್‌ಎಯಲ್ಲಿ ಈ ತುಂಡಿಲ್ಲ.

2000ನೇ ಇಸವಿಯ ಪ್ರಕಟಣೆಯಲ್ಲಿ ಎರಡು ಬಗೆಯ ಹರಳುಗಳಿದ್ದವು: ಬರಿಯ ರೆಕ್‌ಎ, ಮತ್ತು ಎಟಿಪಿಯ ಅನುಕರಣ ಅಣುವೊಂದನ್ನು ಹಿಡಿದ ರೆಕ್‌ಎ. ಅಲ್ಲಿಯೂ ಆರು ಅಣುಗಳು ಒಂದು ತಿರುಪು ಅಕ್ಷದ ಸುತ್ತ ಸುರುಳಿಯಾಗಿ ನಿಂತು, ಡಿಎನ್‌ಎ ಕೂರಬಲ್ಲ ಆಳವಾದ ಕಾಲುವೆಯನ್ನು ಮಾಡಿದ್ದವು. ಇ. ಕೋಲೈಯ ರೆಕ್‌ಎಗೂ ಇದಕ್ಕೂ ಸರಪಣಿಯ ಅನುಕ್ರಮದಲ್ಲಿ ಹೆಚ್ಚಿನ ಹೋಲಿಕೆಯಿದ್ದು ಮಡಿಕೆಗಳ ವಿನ್ಯಾಸವೂ ಒಂದೇ ಆಗಿದ್ದರೂ, ಎಟಿಪಿಯ ಜತೆಗೆ ಕ್ಷಯಾಣುವಿನ ಅಣು ಬೆಳೆಸುವ ಸಂಪರ್ಕಗಳು ಕಡಿಮೆ. ಪ್ರಯೋಗಗಳಲ್ಲಿ ಅದು ಎಟಿಪಿಯನ್ನು ದುರ್ಬಲವಾಗಿ ಹಿಡಿದು ನಿಧಾನವಾಗಿ ಒಡೆಯುವುದಕ್ಕೆ ಇದು ಪರಮಾಣು ಮಟ್ಟದ ವಿವರಣೆಯಾಯಿತು. ತಂತುಗಳು ಒಂದಕ್ಕೊಂದು ಸೇರಿ ಕಟ್ಟುಗಳಾಗುವ ಒಲವೂ ಇಲ್ಲಿ ಕಡಿಮೆಯೆಂದು ಕಂಡುಬಂತು.

ನಂತರದ ವರ್ಷಗಳಲ್ಲಿ ಬಳಗದ ಗಮನ ಸ್ಮೆಗ್ಮ್ಯಾಟಿಸ್‌ನ ರೆಕ್‌ಎಯ ಕಡೆಗೆ ಹೊರಳಿತು, ಮತ್ತು ಈ ಇಡೀ ಕಥನದಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ಕೆಲಸ ಅದೇ. 2007ರಲ್ಲಿ ಅವರು ಹನ್ನೊಂದು ರಚನೆಗಳನ್ನು ಒಟ್ಟಿಗೆ ಹೋಲಿಸಿದರು. ಎಲ್ಲ ಹರಳುಗಳನ್ನೂ ಹೆಚ್ಚುಕಡಿಮೆ ಒಂದೇ ಬಗೆಯ ಪರಿಸ್ಥಿತಿಯಲ್ಲಿ ಬೆಳೆಸಿದ್ದರೂ ಅವು ಪರಸ್ಪರ ಹತ್ತಿರವಾದ ಮೂರು ರೂಪಗಳಿಗೆ ಸೇರಿದ್ದವು, ರೂಪದಿಂದ ರೂಪಕ್ಕೆ ಸುರುಳಿಯ ಸುತ್ತಿನ ಎತ್ತರ ಬದಲಾಗುತ್ತಿತ್ತು, ಮತ್ತು ಆ ಬದಲಾವಣೆಗೆ ತಕ್ಕಂತೆ ಅಣುವಿನ ಹಿಂತುದಿಯ ಭಾಗ ಮುಖ್ಯ ಭಾಗಕ್ಕೆ ಹೋಲಿಸಿದರೆ ಓಲುತ್ತಿತ್ತು. ಎಟಿಪಿ ಬಂದು ಕೂತಾಗ ಆ ಸುದ್ದಿಯನ್ನು ಡಿಎನ್‌ಎ ಹಿಡಿಯುವ ಎಲ್2 ಕುಣಿಕೆಗೆ ಮುಟ್ಟಿಸುತ್ತದೆಂದು ನಂಬಲಾದ ಗ್ಲುಟಮಿನ್ ಎಂಬ ಒಂದು ಅಮೈನೊ ಆಮ್ಲವಿದೆ, ಇ. ಕೋಲೈಯಲ್ಲಿ ಅದರ ಸ್ಥಾನ 194, ಸ್ಮೆಗ್ಮ್ಯಾಟಿಸ್‌ನಲ್ಲಿ 196. ಎಟಿಪಿಯಂಥ ಅಣು ಬಂದಾಗ ಈ ಗ್ಲುಟಮಿನ್ ಜರುಗುವುದು ನಿರೀಕ್ಷಿತವೇ ಆಗಿತ್ತು. ಆದರೆ ಯಾವ ಅಣುವನ್ನೂ ಸೇರಿಸದೆ, ಸುತ್ತಲಿನ ತೇವವನ್ನಷ್ಟೇ ಇಳಿಸಿದ ಒಂದು ಹರಳಿನಲ್ಲಿಯೂ ಅದು ಅದೇ ರೀತಿ ಜರುಗಿತ್ತು. ಸ್ವಲ್ಪ ನೀರು ಹೋದದ್ದೇ ಸಾಕಾಗಿ ಕಿಣ್ವದ ಒಳಗಿನ ಸ್ವಿಚ್ಚು ತಿರುಗಿತ್ತು. ಎಟಿಪಿ ಆ ಚಲನೆಯನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ಅಣುವಿನಲ್ಲಿ ಆಗಲೇ ಅಡಗಿರುವ ಚಲನೆಯ ಶಕ್ಯತೆಯನ್ನು ಬಳಸಿಕೊಳ್ಳುತ್ತದೆ ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ವಿರಳ.

ಮೊದಲ ನಿಲುವು: ಹರಳಿನ ಆಕಾರ ಕೆಲಸದ ಆಕಾರವಲ್ಲ

ಹರಳುರಚನೆಗಳನ್ನು ಸಂದೇಹದಿಂದ ನೋಡುವವರ ವಾದಕ್ಕೆ ಗಟ್ಟಿ ನೆಲೆಯಿದೆ. ತರಗುಪೇಟೆಯ ಮಂಡಿಯಲ್ಲಿ ಅಟ್ಟಿ ಹಾಕಿದ ಅಕ್ಕಿಮೂಟೆಯ ಮೈ ಅಕ್ಕಪಕ್ಕದ ಮೂಟೆಗಳ ಒತ್ತಡಕ್ಕೆ ತಕ್ಕಂತೆ ಚಪ್ಪಟೆಯಾಗಿರುತ್ತದೆ, ಒಂಟಿಯಾಗಿ ನೆಲದ ಮೇಲಿಟ್ಟ ಮೂಟೆಗೆ ಬೇರೆಯೇ ಆಕಾರವಿರುತ್ತದೆ. ಹರಳಿನಲ್ಲಿ ಒತ್ತಾಗಿ ಕೂತ ಪ್ರೋಟೀನಿನ ವಿಷಯವೂ ಹಾಗೆಯೇ ಎಂಬುದು ಅವರ ಮಾತು. ರೆಕ್‌ಎಯಲ್ಲಿ ಇದಕ್ಕೆ ಲೆಕ್ಕದ ಆಧಾರವೂ ಉಂಟು. ಹರಳಿನ ಸಮಮಿತಿಯ ನಿಯಮವು ತಿರುಪು ಅಕ್ಷದ ಒಂದು ಸುತ್ತಿಗೆ ಸರಿಯಾಗಿ ಆರು ಅಣುಗಳನ್ನು ಕಡ್ಡಾಯಗೊಳಿಸುತ್ತದೆ, ಆದರೆ ಸ್ವತಂತ್ರ ತಂತುವಿನಲ್ಲಿ ಆ ಸಂಖ್ಯೆ ಪೂರ್ಣಾಂಕವಲ್ಲ. ಎಡ್ವರ್ಡ್ ಈಗಲ್‌ಮನ್ ಮೊದಲಾದವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳ ಆಧಾರದಿಂದ, ಸಕ್ರಿಯ ತಂತುವಿನಲ್ಲಿ ಎಟಿಪಿಯು ಎರಡು ಪಕ್ಕದ ಅಣುಗಳ ನಡುವಣ ಸಂದಿನಲ್ಲಿ ಸಿಕ್ಕಿಕೊಂಡಿರಬೇಕೆಂದು ಹಿಂದೆಯೇ ವಾದಿಸಿದ್ದರು.

2008ರಲ್ಲಿ ನ್ಯೂಯಾರ್ಕಿನ ನಿಕೋಲಾ ಪಾವ್ಲೆಟಿಚ್ ಅವರ ಬಳಗ ಈ ವಾದವನ್ನು ಹರಳಿನಿಂದಲೇ ಸಾಬೀತುಪಡಿಸಿತು. ಅವರು ಐದಾರು ರೆಕ್‌ಎ ಅಣುಗಳನ್ನು ಜೀನ್ ಮಟ್ಟದಲ್ಲಿಯೇ ಒಂದಕ್ಕೊಂದು ಹೆಣೆದು, ಕೊನೆಯಿಲ್ಲದ ತಂತು ಬೆಳೆಯದಂತೆ ಮಾಡಿ, ಡಿಎನ್‌ಎ ಸಮೇತ ಹರಳುಗಟ್ಟಿಸಿದರು. ಎಟಿಪಿಯ ಅನುಕರಣ ಅಣು ಎರಡು ಅಣುಗಳ ಸಂದಿನಲ್ಲಿಯೇ ಇತ್ತು. ಒಳಗಿನ ಡಿಎನ್‌ಎ ಒಂದೇ ಸಮನೆ ಹಿಗ್ಗಿರಲಿಲ್ಲ. ಮೂರು ಮೂರು ಅಕ್ಷರಗಳ ಗುಂಪುಗಳು ಸಹಜ ಡಿಎನ್‌ಎಯಂತೆಯೇ ಉಳಿದು, ಗುಂಪು ಗುಂಪುಗಳ ನಡುವೆ ಮಾತ್ರ ದೊಡ್ಡ ಬಿರುಕುಗಳಿದ್ದವು. 1992ರ ನಕ್ಷೆಯಲ್ಲಿ ಮೂಡದಿದ್ದ ಎಲ್1, ಎಲ್2 ಕುಣಿಕೆಗಳು ಆ ಡಿಎನ್‌ಎಯನ್ನು ಹಿಡಿದ ಭಂಗಿಯಲ್ಲಿ ಕಂಡವು. 2020ರಲ್ಲಿ ಅದೇ ಬಳಗ, ಅಣುಗಳನ್ನು ಹರಳಾಗಿಸದೆ ತೆಳುವಾದ ಮಂಜಿನ ಪದರದಲ್ಲಿ ಹಠಾತ್ತನೆ ಹೆಪ್ಪುಗಟ್ಟಿಸಿ ನೋಡುವ ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ, ಜೋಡಿ ಎಳೆಯನ್ನು ರೆಕ್‌ಎಯ ಹಿಂತುದಿಯ ಭಾಗ ಬರಮಾಡಿಕೊಂಡು ಎಲ್2 ಕುಣಿಕೆ ಅದನ್ನು ಬಿಡಿಸುವ ದೃಶ್ಯವನ್ನೂ ಕಟ್ಟಿಕೊಟ್ಟಿತು.

ಎರಡನೆಯ ನಿಲುವು: ಒಂದು ಹರಳಲ್ಲ, ಹರಳುಗಳ ಸಾಲು

ಇಷ್ಟಾದ ಮೇಲೆ ಡಿಎನ್‌ಎ ಇಲ್ಲದ ಹರಳುಗಳು ನಿಷ್ಪ್ರಯೋಜಕವೆಂದು ತೀರ್ಮಾನಿಸಿದರೆ ಅದು ಅವಸರದ ಮಾತಾಗುತ್ತದೆ. ಹರಳಿನಲ್ಲಿದ್ದರೂ ಕಿಣ್ವ ಕೆಲಸ ಮಾಡಬಲ್ಲದೆಂಬುದು 1963ರಲ್ಲಿಯೇ ರೈಬೊನ್ಯೂಕ್ಲಿಯೇಸ್ ಎಂಬ ಕಿಣ್ವದಲ್ಲಿ ರುಜುವಾತಾಗಿತ್ತು. ಎರಡನೆಯ ಪಂಥದ ಪ್ರಕಾರ ಹರಳು ಸುಳ್ಳು ಆಕಾರವನ್ನು ತೋರಿಸುವುದಿಲ್ಲ, ಅಣು ಹಾದುಹೋಗುವ ಹಲವು ಆಕಾರಗಳಲ್ಲಿ ಒಂದನ್ನು ಹಿಡಿದು ನಿಲ್ಲಿಸುತ್ತದೆ. ಆದ್ದರಿಂದ ಒಂದೇ ಹರಳನ್ನು ನಂಬದೆ, ಅಣುವನ್ನು ಬೇರೆ ಬೇರೆ ರೀತಿಯಲ್ಲಿ ಕೆಣಕಿದ ಹಲವು ಹರಳುಗಳನ್ನು ಸಾಲಾಗಿಟ್ಟು ಓದಬೇಕು. ಬೆಂಗಳೂರಿನ ಹನ್ನೊಂದು ರಚನೆಗಳೂ, ಅನಂತರ ತಾಪ, ತೇವ ಮತ್ತು ಒಂದೊಂದು ಅಮೈನೊ ಆಮ್ಲವನ್ನು ಬದಲಿಸಿ ನಡೆಸಿದ ಅಧ್ಯಯನಗಳೂ ಈ ಪಂಥದ ಅತ್ಯುತ್ತಮ ಉದಾಹರಣೆಗಳಲ್ಲಿ ಸೇರುತ್ತವೆ. ಪಾವ್ಲೆಟಿಚ್ ಅವರ ರಚನೆ ಕೆಲಸದ ನಡುವಿನ ಒಂದು ಗಟ್ಟಿ ಭಂಗಿಯನ್ನು ಕೊಟ್ಟರೆ, ಆ ಭಂಗಿಗೆ ಬರುವ ಮತ್ತು ಅಲ್ಲಿಂದ ಮರಳುವ ದಾರಿಯ ಸುಳಿವು ಸಿಗುವುದು ಈ ಸಾಲಿನಿಂದಲೇ.

ಇದರ ಹಿಂದೆ ಕಿಣ್ವವಿಜ್ಞಾನದ ಹಳೆಯದೊಂದು ಜಗಳವಿದೆ. 1894ರಲ್ಲಿ ಎಮಿಲ್ ಫಿಶರ್ ಕಿಣ್ವವನ್ನು ಬೀಗಕ್ಕೂ ಅದು ಹಿಡಿಯುವ ಅಣುವನ್ನು ಕೀಲಿಗೂ ಹೋಲಿಸಿದರು. 1958ರಲ್ಲಿ ಡೇನಿಯಲ್ ಕಾಶ್‌ಲ್ಯಾಂಡ್, ಅಣು ಬಂದು ಕೂತ ಮೇಲೆ ಕಿಣ್ವ ಅದಕ್ಕೆ ತಕ್ಕಂತೆ ಆಕಾರ ಬದಲಿಸುತ್ತದೆ ಎಂದರು. ಕಿಣ್ವ ತನ್ನಷ್ಟಕ್ಕೆ ತಾನೇ ಹಲವು ಆಕಾರಗಳ ನಡುವೆ ಓಲಾಡುತ್ತಿರುತ್ತದೆ, ಬಂದ ಅಣು ಅವುಗಳಲ್ಲಿ ಹೊಂದುವ ಒಂದನ್ನು ಆರಿಸಿ ನೆಲೆಗೊಳಿಸುತ್ತದೆ ಎಂಬ ಮೂರನೆಯ ಕಲ್ಪನೆ ಇಪ್ಪತ್ತನೆಯ ಶತಮಾನದ ಕೊನೆಗೆ ಬಲಗೊಂಡಿತು. ನೀರು ಕಳೆದುಕೊಂಡ ಹರಳಿನಲ್ಲಿ ತಿರುಗಿದ ಸ್ವಿಚ್ಚು ಮೂರನೆಯ ಕಲ್ಪನೆಯ ಕಡೆಗೆ ವಾಲುತ್ತದೆ; ಡಿಎನ್‌ಎ ಬಂದಾಗ ಮಾತ್ರ ಪೂರ್ಣ ರೂಪಕ್ಕೆ ಬರುವ ಕುಣಿಕೆಗಳು ಎರಡನೆಯದರ ಕಡೆಗೆ ವಾಲುತ್ತವೆ. ಒಂದೇ ಅಣುವಿನ ಬೇರೆ ಬೇರೆ ಭಾಗಗಳು ಬೇರೆ ಬೇರೆ ರೀತಿಯಲ್ಲಿ ನಡೆದುಕೊಳ್ಳುತ್ತವೆ ಎಂದು ಒಪ್ಪುವುದೇ ಸದ್ಯಕ್ಕೆ ಸಾಕ್ಷ್ಯಗಳಿಗೆ ನ್ಯಾಯ ಸಲ್ಲಿಸುವ ನಿಲುವು.

ಎಟಿಪಿಯನ್ನು ಒಡೆಯುವುದೇಕೆ?

ರೆಕ್‌ಎಯ ಬಗೆಗಿನ ಅತಿ ದೀರ್ಘ ವಿವಾದ ಇದು. ಡಿಎನ್‌ಎಗೆ ಅಂಟಿದ ಇ. ಕೋಲೈ ರೆಕ್‌ಎಯ ಪ್ರತಿಯೊಂದು ಅಣು ನಿಮಿಷಕ್ಕೆ ಸುಮಾರು 30 ಎಟಿಪಿಗಳನ್ನು ಒಡೆಯುತ್ತದೆ. ಆದರೆ 1990ರಲ್ಲಿ ಸ್ಟೀಫನ್ ಕೊವಾಲ್‌ಚಿಕೊವ್ಸ್‌ಕಿ ಅವರ ಬಳಗವೂ, ಅದೇ ಹೊತ್ತಿಗೆ ಆಂಡ್ರೆ ಸ್ತಾಸ್ಯಾಕ್ ಅವರ ಬಳಗವೂ, ಒಡೆಯಲಾಗದ ಎಟಿಪಿ ಅನುಕರಣ ಅಣುವನ್ನು ಕೊಟ್ಟರೂ ರೆಕ್‌ಎ ಎಳೆಗಳನ್ನು ಅದಲುಬದಲು ಮಾಡಬಲ್ಲದೆಂದು ತೋರಿಸಿದವು. ಹಾಗಾದರೆ ಎಟಿಪಿಯನ್ನು ಒಡೆಯುವುದರಿಂದ ದೊರೆಯುವ ಶಕ್ತಿ ಯಾತಕ್ಕೆ? ಕೆಲಸ ಮುಗಿದ ಮೇಲೆ ಡಿಎನ್‌ಎಯಿಂದ ಕಳಚಿಕೊಂಡು ಮರುಬಳಕೆಗೆ ಸಿದ್ಧವಾಗಲು ಎಂಬುದು ಒಂದು ಪಂಥ. ಮೈಕೆಲ್ ಕಾಕ್ಸ್ ಮುಂತಾದವರ ಇನ್ನೊಂದು ಪಂಥವು, ಎಳೆಗಳ ನಡುವೆ ಹೊಂದದ ಭಾಗಗಳು ಎದುರಾದಾಗ ಅವನ್ನು ದಾಟಲೂ, ನಾಲ್ಕು ಎಳೆಗಳ ಅದಲುಬದಲಿಗೂ ಈ ಶಕ್ತಿ ಅನಿವಾರ್ಯ, ರೆಕ್‌ಎ ನಿಜಕ್ಕೂ ಒಂದು ಮೋಟಾರು ಎನ್ನುತ್ತದೆ.

ಹರಳುರಚನೆಗಳು ಈ ವಿವಾದವನ್ನು ತೀರ್ಮಾನಿಸಲಿಲ್ಲ, ಆದರೆ ಅದರ ಗಡಿಯನ್ನು ಕಿರಿದಾಗಿಸಿದವು. ಎಟಿಪಿ ಎರಡು ಅಣುಗಳ ಸಂದಿನಲ್ಲಿದ್ದು ಎರಡೂ ಬದಿಯ ಅಮೈನೊ ಆಮ್ಲಗಳು ಅದನ್ನು ಹಿಡಿದಿವೆ ಎಂದಾದರೆ, ಅದು ಒಡೆದಾಗ ಆ ಬೆಸುಗೆ ಸಡಿಲವಾಗುವುದು ಸಹಜ. ಕಳಚಿಕೊಳ್ಳುವ ವಾದಕ್ಕೆ ಇದು ಒಳ್ಳೆಯ ಬೆಂಬಲ. ಎಟಿಪಿಯನ್ನು ನಿಧಾನವಾಗಿ ಒಡೆಯುವ ಮೈಕೋಬ್ಯಾಕ್ಟೀರಿಯಾದ ರೆಕ್‌ಎ ಇಲ್ಲಿ ಅಮೂಲ್ಯವಾದ ಪರೀಕ್ಷಾ ಪ್ರಕರಣವಾಗುತ್ತದೆ. ಇ. ಕೋಲೈ ಅನುಕೂಲವಾದ ಪರಿಸರದಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ ಕ್ಷಯಾಣುವಿಗೆ ಅದಕ್ಕೆ ಹೆಚ್ಚುಕಡಿಮೆ ಒಂದು ದಿನವೇ ಬೇಕು. ಕಿಣ್ವದ ಈ ನಿಧಾನಗತಿ ಜೀವಿಯ ನಿಧಾನಗತಿಗೆ ಹೊಂದಿಕೊಂಡು ಬೆಳೆದದ್ದೋ ಅಥವಾ ಬರಿಯ ಆಕಸ್ಮಿಕವೋ ಎಂಬುದನ್ನು ಹೇಳಲು ಈಗಿರುವ ಸಾಕ್ಷ್ಯ ಸಾಲದು.

ಔಷಧದ ಆಸೆ

ಕ್ಷಯದ ಪ್ರಮಾಣಿತ ಚಿಕಿತ್ಸೆ ಆರು ತಿಂಗಳು ಹಿಡಿಯುತ್ತದೆ, ನಡುವೆ ಬಿಟ್ಟರೆ ಔಷಧಕ್ಕೆ ಜಗ್ಗದ ತಳಿಗಳು ಮೇಲೇಳುತ್ತವೆ. ಕ್ಷಯಾಣು ಈ ಪ್ರತಿರೋಧವನ್ನು ಬೇರೆ ಬ್ಯಾಕ್ಟೀರಿಯಾಗಳಿಂದ ಎರವಲು ತರುವುದಿಲ್ಲ, ತನ್ನದೇ ಡಿಎನ್‌ಎಯಲ್ಲಿ ಆಗುವ ತಪ್ಪುಗಳಿಂದ ಗಳಿಸುತ್ತದೆ. ಡಿಎನ್‌ಎ ಹಾಳಾದಾಗ ತಪ್ಪುಮಾಡುತ್ತಲೇ ನಕಲು ತೆಗೆಯುವ ಡಿಎನ್‌ಎಇ2 ಎಂಬ ಕಿಣ್ವವೊಂದು ಕ್ಷಯಾಣುವಿನಲ್ಲಿ ಪ್ರತಿರೋಧದ ಹುಟ್ಟಿಗೆ ನೆರವಾಗುತ್ತದೆಂದು 2003ರಲ್ಲಿ ತಿಳಿದುಬಂತು. ಆದ್ದರಿಂದ ರೆಕ್‌ಎಯನ್ನು ತಡೆದರೆ ರಿಪೇರಿಯೂ ನಿಲ್ಲುತ್ತದೆ, ಹೊಸ ಪ್ರತಿರೋಧದ ಹುಟ್ಟೂ ನಿಧಾನವಾಗುತ್ತದೆ ಎಂಬುದು ಒಂದು ಪಂಥದ ಆಸೆ. 2014ರಲ್ಲಿ ಮುನಿಯಪ್ಪನವರ ಬಳಗ, ಆಫ್ರಿಕದ ನಿದ್ರಾರೋಗಕ್ಕೆ ಸುಮಾರು ನೂರು ವರ್ಷಗಳಿಂದ ಬಳಕೆಯಲ್ಲಿದ್ದ ಸುರಮಿನ್ ಎಂಬ ಔಷಧ ಕ್ಷಯಾಣುವಿನ ರೆಕ್‌ಎಯನ್ನು ಬಲವಾಗಿ ತಡೆಯುತ್ತದೆಂದು ತೋರಿಸಿದಾಗ ಆ ಆಸೆಗೆ ಜೀವ ಬಂತು.

ವಿರುದ್ಧ ವಾದವೂ ಹಗುರವಾದದ್ದಲ್ಲ. ಸುರಮಿನ್ ದೊಡ್ಡದಾದ, ಹೆಚ್ಚು ವಿದ್ಯುದಾವೇಶವುಳ್ಳ ಅಣು. ಅದು ಹಲವು ಪ್ರೋಟೀನುಗಳಿಗೆ ಅಂಟುತ್ತದೆ, ಕೋಶದ ಗೋಡೆಗಳನ್ನು ಸುಲಭವಾಗಿ ದಾಟುವುದಿಲ್ಲ. ಮನುಷ್ಯನಲ್ಲಿ ರೆಕ್‌ಎಯ ಸಂಬಂಧಿಯಾದ ರಾಡ್51 ಇರುವುದರಿಂದ, ಒಂದನ್ನು ತಡೆದು ಇನ್ನೊಂದನ್ನು ಬಿಡುವಂತೆ ಔಷಧವನ್ನು ರೂಪಿಸಬೇಕಾಗುತ್ತದೆ. ಎರಡರ ಪರಮಾಣು ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡದೆ ಅದು ಸಾಧ್ಯವಿಲ್ಲ. ಇನ್ನೂ ಕಷ್ಟದ ಸಂಗತಿಯೆಂದರೆ, ಕ್ಷಯಾಣುವಿನ ಸಮೀಪಬಂಧುವಾದ ಬಿಸಿಜಿ ಲಸಿಕೆಯ ತಳಿಯಿಂದ ರೆಕ್‌ಎ ಜೀನನ್ನೇ ತೆಗೆದುಹಾಕಿದಾಗ, ಅದು ಡಿಎನ್‌ಎಗೆ ಹಾನಿಮಾಡುವ ವಸ್ತುಗಳಿಗೆ ಬೇಗ ಬಲಿಯಾದರೂ ಇಲಿಯ ದೇಹದಲ್ಲಿ ಮಾಮೂಲಿನಂತೆಯೇ ಬದುಕಿತ್ತು ಎಂಬ 2001ರ ಫಲಿತಾಂಶ. ಮೈಕೋಬ್ಯಾಕ್ಟೀರಿಯಾಗಳಲ್ಲಿ ಅನೇಕ ರಿಪೇರಿ ಜೀನ್‌ಗಳು ರೆಕ್‌ಎಯನ್ನು ಅವಲಂಬಿಸದೆ ಬೇರೊಂದು ನಿಯಂತ್ರಣದಿಂದಲೂ ಎಚ್ಚರಗೊಳ್ಳುತ್ತವೆ. ರೆಕ್‌ಎಗೆ ಒಂಟಿಯಾಗಿ ಔಷಧ ಹುಡುಕುವುದಕ್ಕಿಂತ, ಈಗಿರುವ ಔಷಧಗಳ ಜತೆಗೆ ಪ್ರತಿರೋಧವನ್ನು ತಡೆಯುವ ಜೋಡಿಯಾಗಿ ಅದನ್ನು ಪರೀಕ್ಷಿಸುವ ದಾರಿಯೇ ಹೆಚ್ಚು ಸಮಂಜಸವಾಗಿ ಕಾಣುತ್ತದೆ.

ಉಳಿದ ಪ್ರಶ್ನೆಗಳು

ಅಮೈನೊ ಆಮ್ಲಗಳ ಅನುಕ್ರಮದಿಂದಲೇ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್‌ನಂಥ ಗಣಕ ವಿಧಾನಗಳು ಬಂದ ಮೇಲೆ ಒಂದು ಬಿಡಿ ರಚನೆಯ ಬೆಲೆ ಕುಸಿದಿದೆ ಎಂಬ ಮಾತು ಕೇಳಿಬರುತ್ತಿದೆ. ಆದರೆ ಅಣುವನ್ನು ಕೆಣಕಿದಾಗ ಅದು ಹೇಗೆ ಓಲುತ್ತದೆ ಎಂಬುದನ್ನು ಆ ವಿಧಾನಗಳು ಇನ್ನೂ ಭರವಸೆಯಿಂದ ಹೇಳಲಾರವು. ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸೌಲಭ್ಯ ಈಗ ಬೆಂಗಳೂರಿನಲ್ಲಿಯೂ ಇದೆ, ರೆಕ್‌ಎ ತಂತುವಿಗೆ ಲೆಕ್ಸ್‌ಎ ಅಂಟಿಕೊಳ್ಳುವ ಬಗೆಯೂ ಆ ವಿಧಾನದಿಂದಲೇ 2023–24ರ ಹೊತ್ತಿಗೆ ಪ್ರಕಟವಾಗಿದೆ. ಆದರೂ ಅವೆಲ್ಲ ನಿಂತ ಚಿತ್ರಗಳೇ. ಇ. ಕೋಲೈ ಕೋಶದಲ್ಲಿ ತುಂಡಾದ ಎಳೆ ತನ್ನ ಜೋಡಿಯನ್ನು ಕಂಡುಕೊಂಡು ರಿಪೇರಿ ಮುಗಿಸಲು ಸುಮಾರು 15 ನಿಮಿಷ ಸಾಕಾಗುತ್ತದೆಂದು 2021ರಲ್ಲಿ ಅಳೆಯಲಾಗಿದೆ. ಲಕ್ಷಾಂತರ ಅಕ್ಷರಗಳ ನಡುವೆ ಅಷ್ಟು ಬೇಗ ಹುಡುಕುವಾಗ ತಂತುವಿನ ಒಂದು ತುದಿಯ ಚಲನೆ ಇನ್ನೊಂದು ತುದಿಗೆ ಹೇಗೆ ಮುಟ್ಟುತ್ತದೆ ಎಂಬುದು ಸ್ಪಷ್ಟವಿಲ್ಲ. ಬೆಂಗಳೂರಿನ ರಚನೆಗಳಲ್ಲಿ ಎಲ್1 ಮತ್ತು ಎಲ್2 ಕುಣಿಕೆಗಳ ಭಂಗಿಗಳು ಪರಸ್ಪರ ಹೊಂದಿಕೊಂಡು ಬದಲಾಗುತ್ತಿದ್ದುದು ಈ ಸಂವಹನದ ಒಂದು ಸುಳಿವು, ಅಷ್ಟೇ.

ಕ್ಷಯಾಣು ತನ್ನ ರೆಕ್‌ಎಯ ನಡುವೆ ಇಂಟೀನನ್ನು ಏಕೆ ಉಳಿಸಿಕೊಂಡಿದೆ ಎಂಬುದಕ್ಕೂ ಒಪ್ಪಿತವಾದ ಉತ್ತರವಿಲ್ಲ. ಕುಷ್ಠರೋಗ ತರುವ ಸಂಬಂಧಿ ಬ್ಯಾಕ್ಟೀರಿಯಾದಲ್ಲಿಯೂ ಇಂಟೀನ್ ಇದೆ, ಆದರೆ ಅದು ಬೇರೆ ಜಾಗದಲ್ಲಿದೆ; ಆದ್ದರಿಂದ ಎರಡಕ್ಕೂ ಒಂದೇ ಮೂಲವನ್ನು ಊಹಿಸುವುದು ಕಷ್ಟ. ಇನ್ನು ತೇವ ಇಳಿಸಿದಾಗ ತಿರುಗಿದ ಆ ಗ್ಲುಟಮಿನ್‌ನ ವಿಷಯ. ಜೀವಕೋಶದ ಒಳಗೆ ಪ್ರೋಟೀನುಗಳು ಒತ್ತೊತ್ತಾಗಿ ತುಂಬಿದ್ದು, ಅವುಗಳ ಸುತ್ತಣ ನೀರು ಲೋಟದ ನೀರಿನಷ್ಟು ಸ್ವತಂತ್ರವಾಗಿರುವುದಿಲ್ಲ. ಔಷಧದ ಅಥವಾ ಉಪವಾಸದ ಒತ್ತಡಕ್ಕೆ ಸಿಕ್ಕಿ ಕ್ಷಯಾಣು ಸುಪ್ತವಾಗಿ ಮಲಗಿದ ಕಾಲದಲ್ಲಿ ಅದರ ಒಳಗಿನ ನೀರಿನ ಸ್ಥಿತಿ ಬದಲಾಗಿ, ಎಟಿಪಿ ಕೊರತೆಯಿದ್ದರೂ ರೆಕ್‌ಎಯ ಸ್ವಿಚ್ಚು ಅರ್ಧ ತಿರುಗಿದ ಭಂಗಿಯಲ್ಲಿ ಸಿದ್ಧವಾಗಿರಬಹುದೇ, ಅಥವಾ ಅದು ಗಾಜಿನ ನಳಿಕೆಯೊಳಗೆ ಮಾತ್ರ ನಡೆಯುವ ಸಂಗತಿಯೇ ಎಂಬುದನ್ನು ಜೀವಂತ ಕೋಶದಲ್ಲಿ ಪರೀಕ್ಷಿಸಿ ನೋಡುವ ಕೆಲಸ ಬಾಕಿಯಿದೆ.